ಬಾಯ್ಕಿನ್‌ನ ಅರವತ್ತು, ಟಾರ್ಪ್ಲಿಯ ಐವತ್ತೊಂದು

ಉತ್ತರ ಫಿಲಡೆಲ್ಫಿಯಾದಲ್ಲಿ ವರ್ಡೆಲ್ ಗ್ಯಾಸ್ಕಿನ್ಸನ ಕ್ಷೌರದಂಗಡಿಗಿಂತ ದೊಡ್ಡ ನ್ಯಾಯಾಲಯ ಇನ್ನೊಂದಿಲ್ಲ. ಉಳಿದ ಕೋರ್ಟುಗಳು ಒಂದು ಮೊಕದ್ದಮೆಯನ್ನು ವರ್ಷಗಟ್ಟಲೆ ಎಳೆಯುತ್ತವೆ. ವರ್ಡೆಲ್ ಒಂದು ಗಡ್ಡ ಬೋಳಿಸುವಷ್ಟರಲ್ಲಿ ತೀರ್ಪು ಕೊಟ್ಟು, ಅಪರಾಧಿಯ ಕೆನ್ನೆಗೆ ಪೌಡರನ್ನೂ ಬಳಿದು ಕಳಿಸುತ್ತಾನೆ. ಆ ಅಂಗಡಿಯ ಹೊರಗೋಡೆಯ ತುಂಬ ಬಡಾವಣೆ ಹೆತ್ತ ಐವರು ಬ್ಯಾಸ್ಕೆಟ್‌ಬಾಲ್ ವೀರರ ಚಿತ್ರಗಳಿವೆ. ಒಬ್ಬೊಬ್ಬನ ಮೂಗೇ ಬಸ್ಸಿನಷ್ಟು. ಪ್ಲೇಆಫ್ ಶುರುವಾಗುವ ವಾರ ಗೋಡೆಗೆ ಹೊಸ ಬಣ್ಣ. ಐವರಿಗೆ ಆರನೆಯವನು ಸೇರುವಂತಿಲ್ಲ. ಹೊಸಬನೊಬ್ಬ ಏರಬೇಕಾದರೆ ಹಳಬನೊಬ್ಬ ಇಳಿಯಲೇಬೇಕು.

ಈ ಸಲ ಏರುವವನು ಟೆರಿಲ್ ಬಾಯ್ಕಿನ್ ಎಂಬ ಈಗಿನ ಹುಲಿ. ಇಳಿಯುವವನು ತಾನೇ ಎಂಬ ಸುದ್ದಿ ಲೂಷಿಯಸ್ ಟಾರ್ಪ್ಲಿಗೆ ಸಿಕ್ಕಿದ್ದು ಬಸ್‌ಸ್ಟಾಪಿನಲ್ಲಿ, ಪ್ರೆಟ್ಜೆಲ್ ಮಾರುವವನ ಬಾಯಿಂದ. ಎಪ್ಪತ್ತಾರರ ಆ ಮುದುಕ ಅಲ್ಲಿಂದ ಅಂಗಡಿಗೆ ಸಿಟ್ಟಿನಲ್ಲಿ ನಡೆದು ಬಂದ ರಭಸಕ್ಕೆ ಇಡೀ ಬೀದಿಯ ಕಾರುಗಳ ಅಲಾರಂ ತಾವಾಗಿಯೇ ಕೂಗಿಕೊಂಡವು. ಅವನ ಸಿಟ್ಟಿಗೆ ಕಾರಣವಿತ್ತು. ಲೀಗು ಅವನಿಗೆ ಚಾಂಪಿಯನ್ನರ ಉಂಗುರ ಕೊಡಲಿಲ್ಲ, ಗೌರವಕ್ಕೆಂದು ಯಾವ ಕ್ರೀಡಾಂಗಣದ ಸೂರಿಗೂ ಅವನ ಅಂಗಿ ಕಟ್ಟಲಿಲ್ಲ. ಅವನು ಆಡಿದ್ದಕ್ಕೆ ಲೋಕದಲ್ಲಿ ಉಳಿದ ಗುರುತು ಆ ಗೋಡೆಯೊಂದೇ.

"ಯಾವನಲೇ ಅವನು, ನನ್ನ ಮುಖಕ್ಕೆ ಸುಣ್ಣ ಹೊಡೀಬೇಕು ಅಂದೋನು?"

ಕತ್ತರಿಗಳು ಗಾಳಿಯಲ್ಲೇ ನಿಂತವು. ಮೂರನೇ ಕುರ್ಚಿಯಲ್ಲಿ, ಕೊರಳಿಗೆ ಬಟ್ಟೆ ಸುತ್ತಿಸಿಕೊಂಡು ಕ್ವಿಂಟನ್ ಕೂತಿದ್ದ. ಆಟಗಾರರ ಅಂಕಿಅಂಶ ಹೇಳಿಕೊಂಡೇ ಹೊಟ್ಟೆ ಹೊರೆಯುವವನು. ಅವನ ಕಾರ್ಯಕ್ರಮವನ್ನು ಸತ್ತವರೂ ಎದ್ದು ಕೂತು ಕೇಳುತ್ತಾರೆಂಬ ಪ್ರತೀತಿ.

"ನಾನೇ, ಹಳೇತಲೆ," ಎಂದ. ಹಿರಿಯರನ್ನು ಆ ಬೀದಿಯಲ್ಲಿ ಗೌರವದಿಂದ ಕರೆಯುವುದೇ ಹಾಗೆ. "ಆದ್ರೆ ನನ್ನ ಮೇಲೆ ಯಾಕೆ ರೇಗ್ತೀರಾ? ಹೇಳ್ತಿರೋದು ನಾನಲ್ಲ, ಲೆಕ್ಕ. ಎರಡು ಅಂಕದ ಎಸೆತ, ಮೂರು ಅಂಕದ ಎಸೆತ, ಫೌಲಿಗೆ ಸಿಗೋ ಫ್ರೀ ಥ್ರೋ ಎಲ್ಲಾ ಸೇರಿಸಿ, ಎಸೆದಿದ್ದಕ್ಕೆ ಎಷ್ಟು ಗಿಟ್ಟಿತು ಅಂತ. ಪ್ಲೇಆಫಲ್ಲಿ ಬಾಯ್ಕಿನ್‌ದು ನೂರಕ್ಕೆ ಅರವತ್ತು. ನಿಮ್ಮದು ಐವತ್ತೊಂದು."

"ಅಂದ್ರೆ?"

"ಅಂದ್ರೆ ತಂಡದ ಎಸೆತ ಎಲ್ಲಾ ನೀವೇ ತಿಂದ್ರಿ, ಅರ್ಧ ಚೆಲ್ಲಿದ್ರಿ."

ಅಂಗಡಿಯೆಲ್ಲ 'ಓಹೋ' ಎಂದಿತು. ಲೂಷಿಯಸನ ನೆತ್ತಿಯಿಂದ ಎದ್ದ ಹಬೆಗೆ ಕನ್ನಡಿಗಳೆಲ್ಲ ಮಬ್ಬಾದವು.

"ಎಳೇಹೋರಿ, ನಮ್ಮ ಕಾಲದಲ್ಲಿ ದೂರದಿಂದ ಹಾಕಿದ್ರೆ ಮೂರು ಅಂಕ ಕೊಡೋ ಗೆರೆ ಇತ್ತಾ?"

"ಇರ್ಲಿಲ್ಲ."

"ಇಲ್ಲದ ಗೆರೆಯಿಂದ ನಾನು ಹೆಂಗೋ ಹೊಡೀಲಿ? ನನ್ನ ಕಾಲದಲ್ಲಿ ಇಡೀ ಲೀಗಿಂದು ಎಷ್ಟಿತ್ತು, ನೋಡು."

ಕ್ವಿಂಟನ್ ಫೋನಿನಲ್ಲಿ ಹುಡುಕಿದ. "ಐವತ್ತು."

"ಈಗ?"

"ಐವತ್ತೇಳು," ಎಂದ, ಸ್ವಲ್ಪ ಮೆಲ್ಲಗೆ.

"ನಾನು ನನ್ನೋರಿಗಿಂತ ಒಂದು ಮೇಲೆ. ಅವನು ಅವನೋರಿಗಿಂತ ಮೂರು ಮೇಲೆ. ಒಂಬತ್ತರ ಅಂತರ ಅಂತ ಊರೆಲ್ಲಾ ಸಾರಿದ್ಯಲ್ಲ, ಮಿಕ್ಕ ಏಳು ಎಲ್ಲೋ? ನುಂಗಿದ್ಯಾ?"

"ಕಕ್ಕು ಮಗನೇ, ಕಕ್ಕು," ಎಂದ ವರ್ಡೆಲ್, ಅವನ ಬೆನ್ನು ತಟ್ಟಿ.

"ಇನ್ನೂ ಇದೆ. ಮೂರಕ್ಕೆರಡು ಅಂದ್ರೆ ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ. ಬೆಂಚಿನ ಮೇಲಿದ್ದ ಮುದುಕರೆಲ್ಲ ತೊಡೆ ತಟ್ಟಿ ನಕ್ಕರು.

"ಎದುರು ತಂಡದ ಫೌಲು ಮಿತಿ ಮೀರಿದ್ರೆ, ಎರಡು ಅಂಕ ತಗೊಳ್ಳೋಕೆ ಮೂರು ಎಸೆತ ಕೊಡ್ತಿದ್ರು. ಒಂದು ತಪ್ಪಿದ್ರೆ ಮೂರನೇದು ಪುಕ್ಕಟೆ. ನಿನ್ನ ಸೂತ್ರ ಆ ಪುಕ್ಕಟೇದನ್ನೂ ನಾನು ಹಾಳು ಮಾಡಿದ್ದು ಅಂತ ನನ್ನ ತಲೆಗೇ ಕಟ್ಟಿದೆ. ತೆಗಿ ಅದನ್ನ!"

ಈ ಮಾತಿನಲ್ಲಿ ಹುರುಳಿತ್ತು. ಲೂಷಿಯಸ್ ಆಗ ಫ್ರೀ ಥ್ರೋ ಗೆರೆಯ ಮೇಲೆ ಎಷ್ಟು ಹೊತ್ತು ನಿಂತಿರುತ್ತಿದ್ದನೆಂದರೆ, ಅವನ ಅಂಚೆ ಅಲ್ಲಿಗೇ ಬರುತ್ತಿತ್ತು. ಕ್ವಿಂಟನ್ ಕೂಡಿದ, ಕಳೆದ, ಭಾಗಿಸಿದ. ಗಿರಾಕಿಗಳ ಗಲ್ಲದ ಮೇಲಿನ ನೊರೆ ಒಣಗಿ ಸಿಮೆಂಟಾಯಿತು.

"ಅಂದಾಜು ಅರ್ಧ ಸೇರುತ್ತೆ. ಒಂದೂವರೆ."

"ಅರ್ಧಾನಾ!" ಲೂಷಿಯಸನ ಕೂಗಿಗೆ ಮಹಡಿಯ ಮನೆಯವರು ಬೆಂಕಿ ಬಿತ್ತೆಂದು ಇಳಿದು ಬಂದರು. "ಐದಾದ್ರೂ ಬರ್ಬೇಕು! ಸರಿಯಾಗಿ ಮಾಡು!"

"ಎರಡು ಸಲ ಮಾಡ್ದೆ, ಹಳೇತಲೆ. ಅರ್ಧಾನೇ."

ಒಂದು ಕಡೆ ಒಂದೂವರೆ, ಇನ್ನೊಂದು ಕಡೆ ಮೂರು. ತಾನೇ ಹಟ ಹಿಡಿದು ಮಾಡಿಸಿದ ಸರಿಯಾದ ಲೆಕ್ಕವೇ ತನ್ನನ್ನು ಗೋಡೆಯಿಂದ ಇಳಿಸಿತೆಂದು ಲೂಷಿಯಸನಿಗೆ ಎಲ್ಲರಿಗಿಂತ ಮೊದಲೇ ತಿಳಿದಿತ್ತು.

ವರ್ಡೆಲ್ ಕತ್ತರಿ ಕೆಳಗಿಟ್ಟ. "ಒಂದೂವರೆ ಏನ್ ಮಹಾ ಬಿಡೋ ಲೂ. ನಿನ್ನ ಚಿತ್ರ ಇರ್ಲಿ. ಬಾಯ್ಕಿನ್ ಮುಂದಿನ ವರ್ಷ ಏರ್ತಾನೆ."

ಅಲ್ಲಿಯ ತನಕ ಲೂಷಿಯಸನಿಗೆ ಬಂದದ್ದು ಸಿಟ್ಟೇ ಅಲ್ಲ. ಸಿಟ್ಟು ಈಗ ಬಂತು.

"ಕನಿಕರ ತೋರಿಸ್ತೀಯಾ ನಂಗೆ? ಪ್ಲೇಆಫಲ್ಲಿ ಯಾವ ನನ್ಮಗನೂ ನಂಗೆ ಕನಿಕರ ತೋರಿಸಿಲ್ಲ, ನೀನ್ಯಾವನೋ ಕತ್ತರಿ ಹಿಡಿದೋನು? ಅವನು ಒಂದೂವರೆ ಮೇಲೆ. ಸರಿ, ಅವನನ್ನೇ ಏರ್ಸಿ! ಆದ್ರೆ ಇನ್ನೊಂದ್ಸಲ ಒಂಬತ್ತು ಅಂತ ಯಾವನಾದ್ರೂ ಬೊಗಳಿದ್ರೆ, ಅವನ ಹಲ್ಲಿನ ಶೇಕಡಾವಾರು ನಾನು ಇಳಿಸ್ತೀನಿ!"

ಬಾಗಿಲು ಧಡಾರನೆ ಬಡಿದು ಹೊರಬಿದ್ದ. ಕ್ವಿಂಟನ್ ಕೊರಳ ಬಟ್ಟೆ ಹಾರಿಸಿಕೊಂಡು ಹಿಂದೆಯೇ ಓಡಿದ. "ಹಳೇತಲೆ, ನಿಲ್ಲಿ! ಚೆಲ್ಲಿದ್ರಿ ಅಂದಿದ್ದು ತಪ್ಪಾಯ್ತು!"

ಲೂಷಿಯಸ್ ಗಕ್ಕನೆ ತಿರುಗಿದ. "ಕೈ ಎತ್ತು. ಬುಟ್ಟಿಗೆ ಎಸೆಯೋ ಹಾಗೆ."

ಕ್ವಿಂಟನ್ ಎತ್ತಿದ. ಲೂಷಿಯಸ್ ಪಕ್ಕಕ್ಕೆ ಬಂದು ತನ್ನ ಬಲಗೈಯನ್ನು ಅವನ ಸೊಂಟದ ಮೇಲಿಟ್ಟ. ಇಟ್ಟನಷ್ಟೇ. ಕ್ವಿಂಟನ್ ಎಡಕ್ಕೆ ತಿರುಗಲು ನೋಡಿದ, ಆಗಲಿಲ್ಲ. ಬಲಕ್ಕೆ ನೋಡಿದ, ಆಗಲಿಲ್ಲ. ಜಿಗಿಯಲು ಹೋದ, ಅವನ ಬೂಟುಗಳು ಕಾಲುದಾರಿಯೊಳಗೆ ಒಂದು ಗೇಣು ಇಳಿದವು.

"ಅಯ್ಯೋ, ಇದು ಫೌಲು!"

"ಈಗ ಫೌಲು. ಆಗ ಇದು ಕುಶಲ ವಿಚಾರಿಸೋ ರೀತಿ. ಆಟ ಮುಗಿಯೋವರ್ಗೂ ಇಂಥಾ ಕೈ ಹೊತ್ಕೊಂಡು ಎಸೆದಿದೀನಿ ನಾನು. ಇದಕ್ಕೆ ಎಷ್ಟು ಹಾಕಿದ್ಯೋ ನಿನ್ನ ಲೆಕ್ಕದಲ್ಲಿ?"

ಕ್ವಿಂಟನ್ ಬೂಟು ಕಿತ್ತುಕೊಳ್ಳಲು ಒದ್ದಾಡಿದ. "ಇದಕ್ಕೆ... ಇದಕ್ಕೆ ಅಂಕಿ ಇಲ್ಲ."

ಲೂಷಿಯಸ್ ಕೈ ತೆಗೆಯಲಿಲ್ಲ. ತಲೆಯೆತ್ತಿ, ಗೋಡೆಗೆ ಕಟ್ಟಿದ ಅಟ್ಟಣಿಗೆಯ ಮೇಲೆ ಸುಣ್ಣದ ಕುಂಚ ಹಿಡಿದಿದ್ದ ಚಿತ್ರಗಾರ್ತಿ ಒಡೆಸ್ಸಾಳನ್ನು ಕರೆದ.

"ಒಡೆಸ್ಸಾ! ನನ್ನನ್ನ ಅಳಿಸು. ಬಾಯ್ಕಿನ್‌ನ ಬಿಡಿಸು. ಅವನ ಸೊಂಟದ ಮೇಲೆ ಒಂದು ಕೈ ಬಿಡಿಸು, ನನ್ನದು. ಈಗ ಹೊಡೀಲಿ ನೋಡೋಣ ಅವನು ಅರವತ್ತು!"

ಅವಳು ಬಾಗಿಲಲ್ಲಿ ನಿಂತಿದ್ದ ವರ್ಡೆಲ್‌ನ ಮುಖ ನೋಡಿದಳು. ವರ್ಡೆಲ್ ಕ್ವಿಂಟನ್‌ನ ಮುಖ ನೋಡಿದ.

"ಬಿಡಿಸಿ ಆಂಟಿ," ಎಂದ ಕ್ವಿಂಟನ್, ಉಸಿರು ಕಟ್ಟಿಕೊಂಡು. "ಬೇಗ ಬಿಡಿಸಿ!"

ಬಿಡಿಸಿದಳು. ವಿಮಾನಗಳು ಇವತ್ತಿಗೂ ಆ ಕೈಯನ್ನು ಕಂಡು ದಾರಿ ಬದಲಿಸುತ್ತವೆ. ಬಣ್ಣ ಒಣಗುವ ತನಕ ಲೂಷಿಯಸ್ ಕೆಳಗೇ ನಿಂತು ಅರಚುತ್ತಿದ್ದ: "ಅದೇನಮ್ಮಾ ಅದು, ಮಗು ತಟ್ಟಿ ಮಲಗಿಸೋ ಹಾಗಿದೆ! ಒತ್ತು! ಬೆರಳು ಒಳಕ್ಕಿಳೀಬೇಕು, ಒತ್ತು!"