ಪ್ರಜಾಪೀಡಕ

ತಹಸೀಲ ಕಚೇರಿಯ ಬೇವಿನ ಮರದ ಕೆಳಗೆ ಅಬ್ದುಲ್ ಗನಿ ಇಪ್ಪತ್ತು ವರ್ಷ ಉರ್ದುವಿನಲ್ಲಿ ಅರ್ಜಿ ಬರೆದಿದ್ದ. ನಿಜಾಮರ ಆಳ್ವಿಕೆ ಮುಗಿದ ಮೇಲೆ ಕನ್ನಡದಲ್ಲೂ ಬರೆಯುವುದನ್ನು ಕಲಿತ.

೧೯೫೨ರ ಬೇಸಿಗೆಯಲ್ಲಿ ಭೀಮಾ ದಂಡೆಯ ಹಳ್ಳಿಯಿಂದ ಸಾಬಮ್ಮ ಬಂದಳು. ಅವಳ ಗಂಡ ಭೀಮಶಾ ಹರಿಗೋಲು ಹಾಕುವವನು. ಜ್ವರ ಬಂದಿದೆ, ಊರ ಪಾಟೀಲರ ಜೋಳವನ್ನು ಬಿಟ್ಟಿ ದಾಟಿಸಲಾರೆ ಎಂದಿದ್ದಕ್ಕೆ ಅವರು ಅವನನ್ನು ಚಾವಡಿಯ ಕಂಬಕ್ಕೆ ಕಟ್ಟಿಸಿದ್ದರು.

“ಪಾಟೀಲ ‘ಬಾಯಿ ತೆಗಿ’ ಅಂದ. ನನ್ನ ಗಂಡ ತೆಗದ. ತಂಬಾಕು ಒಳಗ ಉಗುಳ್ದ,” ಎಂದಳು. “ಜಾಲಿಮ ಅದಾನ್ರಿ ಅಂವ. ಅದೇ ಬರೀರಿ, ಮುನ್ಶಿ ಸಾಬ.”

ಗನಿ ‘ಜಾಲಿಮ’ ಎಂಬ ಉರ್ದು ಮಾತಿಗೆ ಅಷ್ಟೇ ತೂಕದ ಕನ್ನಡ ಮಾತು ಬೇಕೆಂದು ಸಾಲಿ ಮಾಸ್ತರ ನಾಗೇಂದ್ರಪ್ಪನನ್ನು ಕೇಳಿಬಂದು ‘ಪ್ರಜಾಪೀಡಕ’ ಎಂದು ಬರೆದ.

“ಹಂಗಂದ್ರೇನ್ರಿ?”

“ಪ್ರಜಾ ಅಂದ್ರ ನೀವು. ನಿಮ್ಮನ್ನ ಹಿಂಡಿ ಆಳಾಂವ ಪ್ರಜಾಪೀಡಕ. ರಾಜರಿಗಿ ಅನ್ನೋ ಮಾತಂತ.”

“ನಮ್ಮೂರಿಗಿ ಅವನೇ ರಾಜ. ಇರ್ಲಿ.”

ಒಳಗೆ ಗುಮಾಸ್ತ ಓದಿ ಆ ಶಬ್ದಕ್ಕೆ ಗೀಟು ಎಳೆದ. “ಇದು ಹೋದ ಸರಕಾರದವರಿಗಿ ಅನ್ನೋ ಮಾತು. ಈಗ ಸ್ವರಾಜ್ಯ ಬಂದದ. ‘ತುಸು ಮುಂಗೋಪಿ’ ಅಂತ ಬರಕೊಂಡ್ ಬಾ.”

ಪಕ್ಕದ ಕುರ್ಚಿಯಲ್ಲಿ ಪಾಟೀಲನೇ ಕೂತಿದ್ದ. ತಲೆಯ ಮೇಲೆ ಹೊಸ ಖಾದಿ ಟೋಪಿ, ಕೈಯಲ್ಲಿ ಕಚೇರಿಯ ಚಹಾ. “ಗನಿ, ನಿನ್ನ ಕನ್ನಡ ಭಾಳ ಚಲೋ ಆಗ್ಯಾದ,” ಎಂದು ಕೆಂಪು ಹಲ್ಲು ತೋರಿಸಿ ನಕ್ಕ. ನಾಲ್ಕು ವರ್ಷದ ಹಿಂದೆ ಇದೇ ಮನುಷ್ಯ ಇದೇ ಕುರ್ಚಿಯಲ್ಲಿ ಕೂತು ಹಳೆಯ ಸರಕಾರವನ್ನು ಹೊಗಳಿದ್ದನ್ನು ಗನಿ ಕೇಳಿದ್ದ.

ಆದರೂ ಹೊರಗೆ ಬಂದು ಹೇಳಿದಂತೆಯೇ ಬರೆದ. ಓದಿ ಹೇಳಿದಾಗ ಸಾಬಮ್ಮ ಮಸಿ ಹಚ್ಚಿದ ಹೆಬ್ಬೆರಳನ್ನು ಸೀರೆಗೆ ಒರೆಸಿಕೊಂಡಳು.

“ಸಾರಿಗಿ ಉಪ್ಪು ಹೆಚ್ಚಾದ್ರ ಒದರಾಡಾಂವ ಮುಂಗೋಪಿ. ಇದಕ್ಕ ನಾ ಹೆಬ್ಬಟ್ಟು ಒತ್ತಂಗಿಲ್ಲ.”

ಗನಿಗೆ ತನ್ನ ಕೈಯ ಬಗ್ಗೆಯೇ ಅಸಹ್ಯವಾಯಿತು. ಇಂಥ ಎಷ್ಟು ಮಾತುಗಳನ್ನು ಕಚೇರಿಯವರು ಹೇಳಿದ ಕೂಡಲೇ ಅದು ನುಣುಪು ಮಾಡಿತ್ತೋ! ಕಾಗದವನ್ನು ಹರಿದು ಹಾಕಿ, ಮೊದಲಿನ ಮಾತನ್ನೇ ಇಟ್ಟು ಬರೆದ. ಮರುದಿನ ಇಬ್ಬರೂ ವಾಡಿಯಲ್ಲಿ ಗಾಡಿ ಬದಲಿಸಿ ಗುಲಬರ್ಗಾಕ್ಕೆ ಹೋದರು. ಅಲ್ಲಿ ಜಿಲ್ಲಾ ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡು ಸಿಕ್ಕಾ ಒತ್ತಿದರು.

ಎರಡು ತಿಂಗಳಿಗೆ ತನಿಖೆಯವರು ಬಂದರು. ಊರಲ್ಲಿ ಬಿಟ್ಟಿ ದಾಟಿಸುವುದು ನಿಂತಿತು. ಪಾಟೀಲನಿಗೆ ಮಾತ್ರ ಶಿಕ್ಷೆಯಾಗಲಿಲ್ಲ. ಸಭೆಗಳಲ್ಲಿ ಹಾರ ಹಾಕಿಸಿಕೊಳ್ಳುತ್ತಲೇ ಇದ್ದ.

ಗನಿಯನ್ನು ಕಚೇರಿಯ ಅಂಗಳದಿಂದ ಎಬ್ಬಿಸಿದರು. ಅವನು ರೈಲು ನಿಲ್ದಾಣದ ಎದುರು ಚಾಪೆ ಹಾಸಿಕೊಂಡ. ಮೊದಲ ದಿನವೇ ಮೂವರು ಅರ್ಜಿ ಬರೆಸಲು ಅವನನ್ನು ಹುಡುಕಿಕೊಂಡು ಬಂದರು.