ಕೈಗುಣದಜ್ಜಿಯ ಲೇಪ

ಬಟ್ಟೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿಕೊಡುವ ಆ ಅಂಗಡಿಯ ಹಿಂಭಾಗವೇ ಅವರ ಮನೆ. ಮುಂದೆ ಇಸ್ತ್ರಿ ಮೇಜಿನ ಬಳಿ ಅಜ್ಜಿಯ ಮಗ, ಹಿಂದೆ ಗಂಜಿ ಹಂಡೆಯ ಬಳಿ ಸೊಸೆ. ಇಬ್ಬರ ನಡುವೆ ಓಡಾಡುತ್ತ, ಗಿರಾಕಿಗಳ ಅಂಗಿಯಿಂದ ಉದುರಿದ ಗುಂಡಿಗಳನ್ನು ಆರಿಸಿ ಜೇಬಿಗೆ ತುಂಬಿಕೊಳ್ಳುವ ಅವರ ಪುಟ್ಟ ಮಗಳು. ಅವಳನ್ನು ಎಲ್ಲರೂ ಕರೆಯುತ್ತಿದ್ದುದೇ ಗುಂಡಿ ಎಂದು.

ಅಜ್ಜಿಗೂ ಬೀದಿಯವರು ಒಂದು ಹೆಸರು ಕೊಟ್ಟಿದ್ದರು: ಕೈಗುಣದಜ್ಜಿ. ಮೂಗಿನಲ್ಲಿ ರಕ್ತ ಬಂದವರ ತಲೆಯನ್ನು ಹಿಂದಕ್ಕೆ ಬಾಗಿಸಿ ಆ ರಕ್ತವನ್ನೇ ನುಂಗಿಸುವವಳು, ಉಳುಕಿದ ಕಾಲನ್ನು ತಿಕ್ಕಿ ತಿಕ್ಕಿ ಇನ್ನಷ್ಟು ಊದಿಸುವವಳು. ಸುಟ್ಟ ಗಾಯಕ್ಕಂತೂ ಒಲೆಯ ಬೂದಿ, ಹಿಟ್ಟು, ಎಣ್ಣೆ ಕಲಸಿದ ಲೇಪ ಡಬ್ಬಿಯಲ್ಲಿ ಸದಾ ಸಿದ್ಧ. ತಾನಾಗಿಯೇ ಮಾಯುವ ಗಾಯಗಳೆಲ್ಲ ಅವಳ ಲೆಕ್ಕಕ್ಕೆ; ಮಾಯದವು ಹಣೆಬರಹದ ಲೆಕ್ಕಕ್ಕೆ. ಹೀಗಿರುವಾಗ ಕೈಗುಣಕ್ಕೆ ಕೆಟ್ಟ ಹೆಸರು ಬರುವುದಾದರೂ ಹೇಗೆ?

ಒಂದು ಬೆಳಿಗ್ಗೆ ಗುಂಡಿ ಹಂಡೆಯ ಪಕ್ಕ ಕಾಲು ಜಾರಿದಳು. ಆಸರೆಗೆ ಹಿಡಿದದ್ದು ಹಂಡೆಯ ಅಂಚನ್ನೇ. ಕುದಿಯುವ ಗಂಜಿ ಅವಳ ತೋಳು, ಎದೆಯ ಮೇಲೆ ಸುರಿಯಿತು. ತಾಯಿ ಮಗುವನ್ನು ಬಾಚಿಕೊಂಡು ಅಂಗಳದ ನಲ್ಲಿಯತ್ತ ಓಡಿದಳು. ಅಜ್ಜಿ ಅಡ್ಡ ನಿಂತಳು.

"ಸುಟ್ಟಿದ್ದಕ್ಕೆ ನೀರು ಹಾಕ್ತಾರೇನೇ? ಬೊಬ್ಬೆ ಏಳುತ್ತೆ, ಶೀತ ಒಳಗಿಳಿಯುತ್ತೆ. ತಾ ಇಲ್ಲಿ!"

"ಉರಿ ಉರಿ ಅಂತಿದಾಳೆ ಅತ್ತೆ. ಆಸ್ಪತ್ರೆಗಾದ್ರೂ..."

"ಊರವರ ಮಕ್ಕಳನ್ನೆಲ್ಲ ವಾಸಿ ಮಾಡಿ, ನನ್ನ ಮೊಮ್ಮಗಳನ್ನ ಆಸ್ಪತ್ರೆಗೆ ಕಳಿಸ್ಲಾ? ಬೀದಿ ಜನ ಏನಂದ್ಕೊಳ್ತಾರೆ?"

ತಾಯಿ ಗಂಡನ ಮುಖ ನೋಡಿದಳು. "ಅಮ್ಮಂಗೆ ಗೊತ್ತಿರುತ್ತೆ, ನೀನು ಸುಮ್ನಿರು" ಎಂದು ಅವನು ಇಸ್ತ್ರಿ ಪೆಟ್ಟಿಗೆಯತ್ತ ತಿರುಗಿದ.

ನೋಡಿ, ಮಗುವಿನ ಚರ್ಮ ಸುಲಿದು ಹೋಗುತ್ತಿದೆ. ಮನೆಯವರ ಚಿಂತೆ ಅಜ್ಜಿಯ ಮರ್ಯಾದೆಯದು! ಅಂಟುಗಂಜಿಯ ಬಿಸಿ ಇನ್ನೂ ಒಳಗೆ ಬೇಯಿಸುತ್ತಿರುವಾಗಲೇ ಮೇಲೆ ಲೇಪ ಬಿತ್ತು. ಎರಡು ದಿನದಲ್ಲಿ ಅದು ಬಿರುಕುಬಿಟ್ಟು ಸಂದಿನಿಂದ ಕೀವು ಸುರಿಯತೊಡಗಿತು. "ಕೀವು ಬಂತಲ್ಲ, ಇನ್ನು ಮಾಯುತ್ತೆ" ಎಂದು ಅಜ್ಜಿ ಮತ್ತೊಂದು ಪದರ ಮೆತ್ತಿದಳು. ಮಗು ಅಳುವುದನ್ನು ನಿಲ್ಲಿಸಿದಾಗ ನೋವು ಇಳಿಯಿತೆಂದರು. ಅದಕ್ಕೆ ಅಳಲು ತ್ರಾಣವೇ ಉಳಿದಿರಲಿಲ್ಲ. ಮೈ ಕೆಂಡವಾದ ಮೇಲೆ ತಾಯಿ ಯಾರನ್ನೂ ಕೇಳದೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು.

ಲೇಪವನ್ನು ನೆನೆಸಿ ನೆನೆಸಿ ಬಿಡಿಸುತ್ತಿದ್ದ ಡಾಕ್ಟರಮ್ಮ ಸಿಟ್ಟಿನಿಂದ ತಲೆಯೆತ್ತಿದರು. "ಯಾರಮ್ಮ ಇದನ್ನ ಮೆತ್ತಿದ್ದು? ಸುಟ್ಟ ತಕ್ಷಣ ಇಪ್ಪತ್ತು ನಿಮಿಷ ನಲ್ಲಿ ನೀರು ಬಿಟ್ಟು, ಶುಚಿಯಾದ ಬಟ್ಟೆ ಮುಚ್ಚಿ, ಅವತ್ತೇ ತಂದಿದ್ರೆ..." ಆಕೆ ಮತ್ತೆ ಗಾಯದತ್ತ ಬಾಗಿದರು. ನಂಜು ರಕ್ತಕ್ಕೆ ಇಳಿದಿತ್ತು. ಗುಂಡಿ ಮನೆಗೆ ಮರಳಲಿಲ್ಲ.

"ಅದರ ಆಯಸ್ಸೇ ಅಷ್ಟು" ಎಂದಳು ಅಜ್ಜಿ. ಕೇಳಿದವರೆಲ್ಲ ತಲೆಯಾಡಿಸಿದರು. ಆಯಸ್ಸಂತೆ! ಅಂಗಳದಲ್ಲೇ ನಲ್ಲಿ ಇತ್ತು, ನಲ್ಲಿಯಲ್ಲಿ ನೀರಿತ್ತು. ಆ ನೀರನ್ನು ತಡೆದದ್ದು ವಿಧಿಯ ಕೈಯೇ?

ಕೆಲವು ತಿಂಗಳ ನಂತರ ಗಂಜಿ ಕಾಯಿಸುವ ಅದೇ ಕೋಣೆಯಲ್ಲಿ ಅಜ್ಜಿ ಹಂಡೆ ಇಳಿಸಲು ಹೋದಳು. ಹಂಡೆ ವಾಲಿ ಗಂಜಿ ಅವಳ ಮುಂಗೈ ಮೇಲೆ ಚೆಲ್ಲಿತು.

"ಸತ್ತೆನೇ! ಡಬ್ಬಿ ತಾರೇ, ಬೇಗ!"

ಸೊಸೆ ಡಬ್ಬಿಯ ಕಡೆ ಹೋಗಲಿಲ್ಲ. ಅತ್ತೆಯ ರಟ್ಟೆ ಹಿಡಿದು ಅಂಗಳಕ್ಕೆ ಎಳೆದೊಯ್ದು ನಲ್ಲಿ ತಿರುಗಿಸಿದಳು. ಕೈ ಊದುವ ಮೊದಲೇ ಬಳೆ, ಉಂಗುರ ಕಳಚಿದಳು.

"ನೀರು ಬೇಡ ಕಣೇ! ನನ್ನನ್ನ ಸಾಯಿಸ್ತಿದಾಳೋ, ಯಾರಾದ್ರೂ ಬನ್ರೋ!"

ನೆರೆಯವರು ಬಾಗಿಲಲ್ಲಿ ಸೇರಿದರು. ಗಂಡ ಓಡಿಬಂದ. "ಏನಿದು ನಿನ್ನ ಹಟ? ಅಮ್ಮ ಕೇಳಿದ್ದನ್ನ ತಂದುಕೊಡು."

"ತರಲ್ಲ."

"ಏನಂದೆ?"

"ತರಲ್ಲ ಅಂದೆ. ಒಂದು ಸಲ ನೀವು ಸುಮ್ನಿರು ಅಂದ್ರಿ, ಸುಮ್ನಿದ್ದೆ. ಮಗಳನ್ನ ಮಣ್ಣು ಮಾಡಿ ಬಂದ್ವಿ. ಇನ್ಮೇಲೆ ಈ ಮನೇಲಿ ಸುಟ್ಟ ಗಾಯಕ್ಕೆ ಮೊದಲು ನೀರು, ಆಮೇಲೆ ಒಗೆದ ಬಟ್ಟೆ, ಆಮೇಲೆ ಆಸ್ಪತ್ರೆ. ಇಸ್ತ್ರಿ ಆರಿಸಿ ಬನ್ನಿ, ಇವರನ್ನ ಕರ್ಕೊಂಡು ಹೋಗೋಣ."

ಅವನು ಬಾಗಿಲಲ್ಲಿದ್ದ ಜನರನ್ನು ನೋಡಿದ. ತಲೆ ತಗ್ಗಿಸಿ ಇಸ್ತ್ರಿ ಆರಿಸಲು ಒಳಗೆ ಹೋದ.

ನೀರು ಸುರಿಯುತ್ತಲೇ ಇತ್ತು. ಅಜ್ಜಿಯ ಚೀರಾಟ ನರಳಾಟವಾಯಿತು, ನರಳಾಟ ನಿಟ್ಟುಸಿರಾಯಿತು.

"ಉರಿ ಇಳೀತಿದೆಯಲ್ಲೇ..." ಎಂದಳು, ನಂಬಲಾಗದೆ. ತನ್ನ ಕೈಯನ್ನು ನೋಡಿದಳು. ಮುಖದ ಬಣ್ಣ ಮೆಲ್ಲಗೆ ಇಳಿಯಿತು. "ಹಾಗಾದ್ರೆ... ನಮ್ಮ ಗುಂಡಿಗೂ..."

ಸೊಸೆ ಹಲ್ಲು ಕಚ್ಚಿದಳು. ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.

"ಅಲ್ಲಾಡಬೇಡಿ ಅತ್ತೆ. ಇನ್ನೂ ಇಪ್ಪತ್ತು ನಿಮಿಷ ಆಗಿಲ್ಲ."