ಲಿನೆಯೋಳ ಪಾಲು

ತಪ್ಪು ನನ್ನ ನಾಲಿಗೆಯದು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅಂಗಳದ ಹೆಂಗಸರಿಂದ ನೀವು ಕೇಳುವುದು ಬೇಡ.

ಲೆಸೋಥೋ ಎಂಬ ಬೆಟ್ಟದ ದೇಶದಿಂದ ಹನ್ನೆರಡು ಹುಡುಗಿಯರು ಮೀನಿಗೆ ಹೊಗೆ ಹಾಕುವುದನ್ನು ಕಲಿಯಲು ನಮ್ಮ ಸಾಲ್ಟ್‌ಪಾಂಡ್ ಕಡಲದಡಕ್ಕೆ ಬಂದಿದ್ದರು. ಸಮುದ್ರವೇ ಇಲ್ಲದವರಿಗೆ ಮೀನಿನ ಪಾಠ ಯಾಕೆ ಎಂದು ಕೇಳಿದ್ದಕ್ಕೆ ಅವರ ಮೇಷ್ಟರು ತಮ್ಮಲ್ಲಿ ದೊಡ್ಡ ಅಣೆಕಟ್ಟು ಇದೆ, ಅದರಲ್ಲಿ ಮೀನಿದೆ ಎಂದು ಏನೇನೋ ಹೇಳಿದರು. ನನ್ನ ಮನೆಯ ಪಾಲಿಗೆ ಬಂದವಳು ಲಿನೆಯೋ. ಬಂದ ಎರಡನೇ ದಿನವೇ ಅವಳೊಂದು ಎಡವಟ್ಟು ಮಾಡಿದಳು.

ಅಂಗಳದ ಆಚೆ ಬದಿಯಲ್ಲಿ ಬೈಡೂ ಅಜ್ಜನ ಜಗಲಿ. ಹೆಂಡತಿ ತೀರಿಕೊಂಡ ಮೇಲೆ ಅವನು ಒಬ್ಬನೇ ಕೂತು ಬಲೆ ಸರಿಮಾಡುತ್ತಾನೆ, ಒಬ್ಬನೇ ಉಣ್ಣುತ್ತಾನೆ. ಉಣ್ಣುವಾಗ ಎದುರು ಹಾದವರಿಗೆಲ್ಲ "ಬಾ, ಊಟಕ್ಕೆ" ಅನ್ನುತ್ತಾನೆ. ನಮ್ಮಲ್ಲಿ ಯಾರಾದರೂ ಅನ್ನುವುದೇ. "ನಿಂದಾಗ್ಲಿ ಅಜ್ಜ, ನಂದು ಈಗಷ್ಟೇ ಆಯ್ತು" ಎಂದು ನಾವು ಮುಂದೆ ಹೋಗುತ್ತೇವೆ, ಹೊಟ್ಟೆ ಚುರುಗುಟ್ಟುತ್ತಿದ್ದರೂ. ಲಿನೆಯೋ ಮಾತ್ರ ಕೈ ತೊಳೆದು ಪಕ್ಕದಲ್ಲಿ ಕೂತುಬಿಟ್ಟಳು.

ಮರುದಿನವೂ ಕೂತಳು. ಆರು ವಾರವೂ ಕೂತಳು. ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟನ್ನು ಬಾಳೆಲೆಯಲ್ಲಿ ಸುತ್ತಿ ಬೇಯಿಸಿ ಕೆಂಕೆ ಮಾರುವುದು ನನ್ನ ಕೆಲಸ. ಅಜ್ಜ ಒಂದು ಕೆಂಕೆಯ ಬದಲು ಎರಡು ಒಯ್ಯತೊಡಗಿದ್ದು ನನಗೆ ಗೊತ್ತಿತ್ತು. ಪಾಪ, ಮರ್ಯಾದೆಗೆ ಕಟ್ಟುಬಿದ್ದು ಸಿಕ್ಕಿಹಾಕಿಕೊಂಡಿದ್ದಾನೆ ಎಂದುಕೊಂಡಿದ್ದೆ.

ಕೊನೆಯ ದಿನ ಮಂಗಳವಾರ. ಮಂಗಳವಾರ ನಮ್ಮವರು ಸಮುದ್ರಕ್ಕೆ ಇಳಿಯುವುದಿಲ್ಲವಾದ್ದರಿಂದ ದಡವೆಲ್ಲ ಮನೆಯಲ್ಲೇ ಇತ್ತು. ಮಧ್ಯಾಹ್ನ ಅಕ್ರಾಗೆ ಬಸ್ಸು. ಬೆಳಿಗ್ಗೆ ಎಲೆ ಒರೆಸಿಕೊಡುತ್ತಾ ಲಿನೆಯೋ, ನಮ್ಮೂರಲ್ಲೂ ನನ್ನನ್ನು ದಿನಾ ಕರೆದು ಉಣ್ಣಿಸಿದವರಿಲ್ಲ, ಅಜ್ಜನನ್ನು ಬಿಟ್ಟು ಹೇಗೆ ಹೋಗಲಿ ಅಂದಳು. ನನ್ನ ನಾಲಿಗೆ ಕೆರೆಯಿತು.

"ಅಯ್ಯೋ ಪೆದ್ದಿ, ಅದು ಬಾಯಿಮಾತಿಗೆ ಕರೆಯೋದು ಕಣೇ. ಯಾರೂ ಕೂರಲ್ಲ."

ತಮಾಷೆಗೆ ಅಂದದ್ದು. ಅವಳ ಕೈ ಎಲೆಯ ಮೇಲೆ ನಿಂತಿತು.

"ಹಾಗಾದ್ರೆ ಆರು ವಾರ ನಾನು ಅವರ ಊಟ ಕಿತ್ಕೊಂಡು ತಿಂದ್ನಾ, ಅಕ್ಕ?"

ಅಷ್ಟು ದೊಡ್ಡ ಮಾತೆಲ್ಲ ಯಾಕೆ ಎಂದು ತೇಪೆ ಹಚ್ಚಿದೆ. ಅವಳು ಕೇಳಲಿಲ್ಲ. ಏನು ಹೇಳಬೇಕಿತ್ತು, ಕಲಿಸಿಕೊಡು ಎಂದು ಹಿಡಿದುಕೂತಳು. ಹೋಗುವ ಮೊದಲು ಒಂದು ಸಲವಾದರೂ ಸರಿಯಾಗಿ ನಡೆದುಕೊಳ್ಳಬೇಕಂತೆ. ನಾನು ಕಲಿಸಿದೆ. ಒತ್ತಾಯ ಮಾಡುತ್ತಾರೆ, ಎರಡನೇ ಸಲವೂ ನಗುತ್ತಾ ಬೇಡ ಅನ್ನಬೇಕು ಎಂದೂ ಸೇರಿಸಿದೆ. ಬೆಳಿಗ್ಗೆಯೆಲ್ಲ ಅವಳು ಆ ಮಾತನ್ನೇ ಗುನುಗುತ್ತಿದ್ದಳು.

ಮಧ್ಯಾಹ್ನ ಅಜ್ಜ ಊಟಕ್ಕೆ ಕೂತ. ಲಿನೆಯೋ ಚೀಲ ಹೆಗಲಿಗೇರಿಸಿ ಜಗಲಿಯ ಮುಂದೆ ನಿಂತಳು. ಅಜ್ಜ ಕೆಂಕೆ ಬಿಚ್ಚಿದ, ಮೆಣಸಿನಕಾಯಿ ರುಬ್ಬಿದ ಮಣ್ಣಿನ ಬಟ್ಟಲನ್ನು ನಡುವೆ ಸರಿಸಿದ, ಮೀನು ಮುರಿದ. ಕರೆಯಲಿಲ್ಲ. ಅವಳು ಇನ್ನೊಂದು ಹೆಜ್ಜೆ ಮುಂದೆ ಬಂದಳು. ಅಜ್ಜ ತಲೆ ಎತ್ತಿ ನೋಡಿ ನಕ್ಕು, ಮತ್ತೆ ಮೀನಿನ ಮುಳ್ಳು ತೆಗೆಯತೊಡಗಿದ. ಕರೆಯದಿದ್ದರೆ ಬೇಡ ಅನ್ನುವುದಾದರೂ ಹೇಗೆ?

ಅವಳು ನನ್ನ ಒಲೆಯ ಹತ್ತಿರ ಬಂದಾಗ ಕಣ್ಣು ತುಂಬಿತ್ತು. ಇವತ್ತು ಬಾಯಿಮಾತಿಗೂ ಕರೆಯಲಿಲ್ಲ ಅಕ್ಕ, ಅಷ್ಟು ಬೇಜಾರಾಗಿದೆ ಅವರಿಗೆ ಅಂದಳು. ನನಗೂ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಬಸ್ಸು ಹಾರನ್ ಹೊಡೆಯಿತು. ಅವಳು ನನ್ನನ್ನು ತಬ್ಬಿಕೊಂಡು ಓಡಿಹೋದಳು.

ಸಿಟ್ಟಿನಿಂದ ಜಗಲಿ ಹತ್ತಿದೆ.

"ಏನಜ್ಜ, ಹೋಗೋ ದಿನ ಒಂದು ಮಾತು ಕರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಯಾರನ್ನ ಅರಬಾ?"

"ಲಿನೆಯೋನ. ಎದುರಿಗೇ ನಿಂತಿತ್ತಲ್ಲ ಹುಡುಗಿ."

ಅಜ್ಜ ನನ್ನನ್ನು ಹುಚ್ಚಿಯ ಹಾಗೆ ನೋಡಿದ. "ಕರೆಯೋದು ದಾರೀಲಿ ಹೋಗೋರನ್ನ. ಅವಳ ಪಾಲು ಉಣ್ಣೋದಕ್ಕೆ ಅವಳನ್ನ ನಾನ್ಯಾಕೆ ಕರೀಲಿ?"

ಆಗ ಬಟ್ಟಲು ನೋಡಿದೆ. ಮುಳ್ಳು ತೆಗೆದ ಮೀನೆಲ್ಲ ಅವಳು ಕೂರುವ ಬದಿಗಿತ್ತು. ಬೆಟ್ಟದ ಹುಡುಗಿ, ಆರು ವಾರವಾದರೂ ಮುಳ್ಳು ಬಿಡಿಸಲು ಕಲಿತಿರಲಿಲ್ಲ. ಅವನು ಅವಳನ್ನು ಕರೆದು ಎಷ್ಟು ದಿನವಾಗಿತ್ತು? ನೆನಪಿಸಿಕೊಂಡೆ. ಮೊದಲ ವಾರ ಕರೆದದ್ದು ಕೇಳಿಸಿತ್ತು. ಆಮೇಲೆ ಒಮ್ಮೆಯೂ ಇಲ್ಲ. ದಿನಾ ನೋಡುತ್ತಿದ್ದ ನನಗೂ, ದಿನಾ ಉಣ್ಣುತ್ತಿದ್ದ ಅವಳಿಗೂ ಅದು ಕಂಡಿರಲಿಲ್ಲ.

ಅವಳ ಪಾಲಿನ ಕೆಂಕೆ, ಆ ಮೀನು ಎಲೆಯಲ್ಲಿ ಸುತ್ತಿಕೊಂಡು ಓಡಿದೆ. ಬಸ್ಸು ಚಾಲೂ ಆಗಿತ್ತು, ಒಳಗೆ ಹುಡುಗಿಯರು ಗಲಾಟೆ ಎಬ್ಬಿಸಿ ಹಾಡುತ್ತಿದ್ದರು. ಲಿನೆಯೋ ಕಿಟಕಿಯಲ್ಲಿದ್ದಳು. ಏದುಸಿರಿನಲ್ಲಿ ಪೊಟ್ಟಣ ಎತ್ತಿ ಹಿಡಿದು ಅಜ್ಜ, ಊಟ, ನಿನ್ನ ಪಾಲು ಎಂದೇನೋ ಕೂಗಿದೆ. ಏನು ಕೇಳಿಸಿತೋ. ಅವಳ ಮುಖ ಅರಳಿತು. ಕರೆದರಾ ಎಂದು ಕೇಳಿದಳು. ನಾನು ಪೊಟ್ಟಣವನ್ನು ಇನ್ನೂ ಮೇಲಕ್ಕೆ ಹಿಡಿದೆ.

"ಅಜ್ಜಂದಾಗ್ಲಿ ಅಕ್ಕ, ನಂದು ಈಗಷ್ಟೇ ಆಯ್ತು."

ಹಾಗಲ್ಲ, ತಗೋ ಎಂದೆ. ಅವಳು ಎರಡನೇ ಸಲವೂ ನಗುತ್ತಾ ಬೇಡ ಅಂದಳು. ನಾನು ಹೇಳಿಕೊಟ್ಟ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ ಖುಷಿ ಅವಳ ಕಣ್ಣಲ್ಲಿತ್ತು. ಬಸ್ಸು ಹೊರಟಿತು.

ಪೊಟ್ಟಣ ಹಿಡಿದು ವಾಪಸ್ ಬಂದೆ. ಅಜ್ಜ ಅದನ್ನು ನೋಡಿದ, ನನ್ನನ್ನು ನೋಡಿದ. ಕೈ ತೊಳೆಯುವ ನೀರಿನ ಬಟ್ಟಲನ್ನು ನನ್ನ ಕಡೆ ಸರಿಸಿದ.

"ಬಾ ಅರಬಾ, ಊಟಕ್ಕೆ."

ಮೂವತ್ತು ವರ್ಷದಿಂದ ಈ ಮಾತಿಗೆ ನಾನು ಉತ್ತರ ಕೊಡುತ್ತಿದ್ದೇನೆ. ಇವತ್ತು ಅದು ಬಾಯಿಮಾತೋ, ನಿಜವಾಗಿ ಕರೆದದ್ದೋ ಗೊತ್ತಾಗಲಿಲ್ಲ. ಕೈ ತೊಳೆದು ಕೂತೆ.